ಪುಂಡಿ ಯಾವುದು, ಗಾಂಜಾ ಯಾವುದು: ಡ್ರೋನ್ ಹಾರಿಸಿ ಕಲಿತ ನನ್ನ ಅನುಭವ

ನಾನು ಡ್ರೋನ್ ಪೈಲಟ್. ಮೊದಲು ಹೊಲಗಳಿಗೆ ಔಷಧ ಹೊಡೆಯುವ ಡ್ರೋನ್ ಹಾರಿಸುತ್ತಿದ್ದೆ, ಆಮೇಲೆ ಜಮೀನು ಸರ್ವೆ ಕೆಲಸ ಹಿಡಿದೆ. ಕಲಬುರಗಿ, ಬೀದರ್ ಕಡೆಯ ತೊಗರಿ ಹೊಲಗಳ ಮೇಲೆ ಹಾರಿಸಿದಷ್ಟು ಬೇರೆಲ್ಲೂ ಹಾರಿಸಿಲ್ಲ. ಮೂರು ವರ್ಷದ ಹಿಂದೆ ಗಾಂಜಾ ಹುಡುಕುವ ಸರ್ಕಾರಿ ತಂಡದ ಜೊತೆ ಬರ್ತೀರಾ ಅಂತ ಕೇಳಿದರು. ದಿನದ ಬಾಡಿಗೆ ಲೆಕ್ಕದಲ್ಲಿ ಒಪ್ಪಿಕೊಂಡೆ. ಡ್ರೋನ್ ನನ್ನದು, ಜೀಪು ಅವರದು.

ಮೇಲಿಂದ ನೋಡಿದರೆ ಗೊತ್ತಾಗೇ ಆಗುತ್ತದೆ ಅಂದುಕೊಂಡಿದ್ದೆ. ಮೊದಲ ವಾರವೇ ತಪ್ಪು ಮಾಡಿದೆ.

ಅಕ್ಟೋಬರ್ ತಿಂಗಳು. ಒಂದು ತೊಗರಿ ಹೊಲದ ಬದುವಿಗೆ ಉದ್ದಕ್ಕೂ ಕಡು ಹಸಿರು ಸಾಲು ಕಂಡಿತು. 40 ಮೀಟರಿಗೆ ಇಳಿಸಿ ನೋಡಿದೆ. ಎಲೆ ಬೆರಳು ಬೆರಳಾಗಿ ಸೀಳಿದ ಹಾಗಿತ್ತು. ಜಾಗದ ಗುರುತು ಹಾಕಿ ಕೊಟ್ಟೆ. ಅರ್ಧ ಗಂಟೆಯಲ್ಲಿ ಜೀಪು ಹೊಲದೊಳಗೆ ಹೋಯಿತು. ಅಲ್ಲಿ ಒಬ್ಬ ಮುತ್ಯಾ ಮತ್ತು ಅವರ ಮೊಮ್ಮಗಳು ಇದ್ದರು. ಯಾರೋ ಪಹಣಿ ಕೇಳಿದರು, ಇನ್ಯಾರೋ ಅವರ ಫೋನ್ ಕಸಿದುಕೊಂಡರು. ಮುತ್ಯಾ ಕೈ ನಡುಗುತ್ತಿತ್ತು. ಆದರೂ ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡು ಎಲ್ಲರ ಎದುರೇ ಅಗಿದರು.

"ಪುಂಡಿ ಅದ ಸಾಹೇಬ್ರ. ನೀವೂ ತಿಂದು ನೋಡ್ರಿ, ಹುಳಿ ಅದ."

ನಾನೂ ತಿಂದೆ. ಹುಳಿ ಇತ್ತು. ರೊಟ್ಟಿ ಜೊತೆ ಪುಂಡಿ ಪಲ್ಯ ತಿಂದು ಬೆಳೆದವನು ನಾನು. ಆದರೆ ಪುಂಡಿಯನ್ನು ಅಷ್ಟು ಎತ್ತರದಿಂದ ಒಮ್ಮೆಯೂ ನೋಡಿರಲಿಲ್ಲ. ಹುಡುಗಿ ಅಜ್ಜನ ಧೋತರ ಹಿಡಿದು ಅಳುತ್ತಲೇ ಇದ್ದಳು. ತಂಡದವರು ಸುಮ್ನೆ ಜೀಪು ಹತ್ತಿದರು. ನಾನು ಹೋಗಿ ಕ್ಷಮೆ ಕೇಳಿದೆ. "ಇರ್ಲಿ ತಮ್ಮಾ, ನಾಲ್ಕು ಎಲಿ ಹರಕೊಂಡು ಹೋಗು, ನಿಮ್ಮವ್ವಗ ಕೊಡು" ಅಂದರು. ಆ ದಿನ ಒಂದು ಎಲೆ ಹರಿಯಲೂ ನನಗೆ ಕೈ ಬರಲಿಲ್ಲ.

ಆಮೇಲೆ ಗೊತ್ತಾಯಿತು, ಈ ಗೊಂದಲ ಹಳೆಯದು. ಪುಂಡಿ ಜಾತಿಯ ಒಂದು ಗಿಡದ ವೈಜ್ಞಾನಿಕ ಹೆಸರೇ ಹಿಬಿಸ್ಕಸ್ ಕ್ಯಾನಬಿನಸ್. ಎಲೆ ಗಾಂಜಾ ಎಲೆಯಂತೆ ಇದೆ ಅಂತಲೇ ಆ ಹೆಸರು ಇಟ್ಟರು. ಔಡಲ ಕೂಡ ದೂರದಿಂದ ಮೋಸ ಮಾಡುತ್ತದೆ. ಮರಗೆಣಸು ಇರುವ ಕಡೆ ಅದೂ ಅಷ್ಟೇ.

ಲೆಕ್ಕ ಹಾಕಿ ನೋಡಿದರೆ ತಪ್ಪು ಯಾಕಾಯಿತು ಅಂತ ಅರ್ಥವಾಗುತ್ತದೆ. 100 ಮೀಟರ್ ಎತ್ತರದಲ್ಲಿ ನನ್ನ ಕ್ಯಾಮೆರಾದ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕೆ, ನೆಲದ ಮೇಲೆ ಸುಮಾರು 2.7 ಸೆಂಟಿಮೀಟರ್. ಗಾಂಜಾ ಎಲೆಯ ಒಂದು ಬೆರಳು ಅಷ್ಟು ಅಗಲ ಇರುವುದೇ ಅಪರೂಪ. ಅಂದರೆ ಆ ಎತ್ತರದಲ್ಲಿ ಎಲೆಯ ಆಕಾರ ಚಿತ್ರದಲ್ಲಿ ಇರುವುದೇ ಇಲ್ಲ. 40 ಮೀಟರಿನಲ್ಲಿ ಒಂದು ಪಿಕ್ಸೆಲ್ 1.1 ಸೆಂಟಿಮೀಟರ್. ಬೆರಳು ಇದೆ ಅನ್ನಿಸುತ್ತದೆ, ಯಾವ ಗಿಡದ್ದು ಅಂತ ತಿಳಿಯುವುದಿಲ್ಲ. ಉಳಿದದ್ದನ್ನು ನೋಡುವವನ ಮನಸ್ಸು ತುಂಬಿಕೊಳ್ಳುತ್ತದೆ. ಗಾಂಜಾ ಹುಡುಕಲು ಬಂದವನಿಗೆ ಗಾಂಜಾನೇ ಕಾಣುತ್ತದೆ.

ಹಾಗಾಗಿ ಈಗ ಎರಡು ಸುತ್ತು ಹಾರಿಸುತ್ತೇನೆ. ಮೊದಲನೆಯದು 100 ಮೀಟರಿನಲ್ಲಿ, ಇಡೀ ಹೊಲಗಳ ನಕ್ಷೆಗೆ. ಚಿತ್ರಗಳು ಒಂದರ ಮೇಲೊಂದು ಮುಕ್ಕಾಲು ಭಾಗ ಕೂಡುವ ಹಾಗೆ ಸಾಲು ಹಾಕುತ್ತೇನೆ, ಇಲ್ಲದಿದ್ದರೆ ಜೋಡಿಸುವಾಗ ತೂತು ಬೀಳುತ್ತದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ಒಳಗೆ ಮುಗಿಸಬೇಕು. ನೆರಳು ಉದ್ದವಾದರೆ ತೊಗರಿ ಸಾಲಿನ ನಡುವೆ ಏನೂ ಕಾಣುವುದಿಲ್ಲ. ಎರಡನೆಯ ಸುತ್ತು ಅನುಮಾನದ ಜಾಗದ ಮೇಲೆ ಮಾತ್ರ, 15 ಮೀಟರಿಗೆ ಇಳಿಸಿ. ಅದಕ್ಕಿಂತ ಕೆಳಗೆ ಹೋದರೆ ರೆಕ್ಕೆ ಗಾಳಿಗೆ ಎಲೆ ಅಲ್ಲಾಡಿ ಚಿತ್ರ ಕೆಡುತ್ತದೆ. ಹದ್ದುಗಳ ಮೇಲೆ ಒಂದು ಕಣ್ಣಿರಲಿ. ನನ್ನ ಒಂದು ಡ್ರೋನನ್ನು ಹದ್ದು ಹೊಡೆದು ಕೆಡವಿದೆ.

ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆ, ಅಂದರೆ ಎಲ್ಲಿ ಡ್ರೋನ್ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಆನ್‌ಲೈನ್ ನಕ್ಷೆ, ನೋಡಲೇಬೇಕು. 2021ರ ಡ್ರೋನ್ ನಿಯಮದ ಪ್ರಕಾರ ಅದರಲ್ಲಿ ಹಸಿರು ಬಣ್ಣ ಹಾಕಿದ ಗ್ರೀನ್ ಝೋನಿನಲ್ಲಿ 400 ಅಡಿವರೆಗೆ ಅನುಮತಿ ಬೇಡ. ಆದರೆ ಬೀದರಿನಲ್ಲಿ ವಾಯುಪಡೆ ನೆಲೆ ಇದೆ, ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಇದೆ. ಸರ್ಕಾರಿ ಕೆಲಸ ಅಂತ ಹೇಳಿ ಅಲ್ಲೆಲ್ಲ ಎಬ್ಬಿಸುವ ಹಾಗಿಲ್ಲ.

ಈಗ ನಿಜವಾದ ವಿಷಯ, ಏನು ನೋಡಬೇಕು ಅನ್ನುವುದು. ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾ ಹಾಕಿದರೆ ಗಾಂಜಾ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೆ ಆಗುವುದಿಲ್ಲ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಆ ಕ್ಯಾಮೆರಾ ಹಿಡಿಯುತ್ತದೆ, ಅದರಿಂದ ಗಿಡ ಎಷ್ಟು ಗಟ್ಟಿಯಾಗಿದೆ ಅಂತ ಗೊತ್ತಾಗುತ್ತದೆ. ಗಿಡ ಯಾವುದು ಅಂತ ಅಲ್ಲ. ಚೆನ್ನಾಗಿ ನೀರು ಗೊಬ್ಬರ ಕಂಡ ಬದನೆಕಾಯಿ ಗಿಡವೂ ಹಾಗೇ ಹೊಳೆಯುತ್ತದೆ.

ನನಗೆ ಹೆಚ್ಚು ಸಹಾಯ ಮಾಡಿದ್ದು ಬೆಳೆಯ ಕ್ಯಾಲೆಂಡರ್. ನಮ್ಮಲ್ಲಿ ತೊಗರಿ ಜೂನ್, ಜುಲೈ ಬಿತ್ತನೆ. ಅಕ್ಟೋಬರ್ ಕೊನೆಯಿಂದ ಹೊಲಕ್ಕೆ ಹೊಲವೇ ಹಳದಿ ಹೂ. ಆಗ ನಾನು ಹಳದಿ ಇಲ್ಲದ ಜಾಗ ಹುಡುಕುತ್ತೇನೆ. ಗಾಂಜಾಕ್ಕೆ ದಳದ ಹೂವಿಲ್ಲ. ಹಗಲು ಗಿಡ್ಡವಾದಂತೆ ತುದಿಯಲ್ಲಿ ಹಸಿರು ತೆನೆಯಂಥ ಗೊಂಚಲು ಕಟ್ಟುತ್ತದೆ. ಪುಂಡಿಗೆ ತಿಳಿ ಹಳದಿ ಹೂ, ನಡುವೆ ಕಡುಗೆಂಪು ಚುಕ್ಕೆ. 15 ಮೀಟರಿನಿಂದ ಆ ಚುಕ್ಕೆ ಕಂಡರೆ ಸಾಕು, ಅಲ್ಲಿಗೆ ಬಿಡುತ್ತೇನೆ. ಡಿಸೆಂಬರಿನಲ್ಲಿ ತೊಗರಿ ಒಣಗಿ ಎಲೆ ಉದುರಿದ ಮೇಲೂ ನಡುವೆ ಹಸಿರು ಗುಂಪು ಉಳಿದಿದ್ದರೆ ಅದನ್ನೂ ನೋಡುತ್ತೇನೆ. ಆದರೆ ಬೆಳೆಯುವವರು ಅಷ್ಟು ಹೊತ್ತಿಗೆ ಕೊಯ್ದಿರುತ್ತಾರೆ.

ಗಿಡಕ್ಕಿಂತ ಸುತ್ತಲಿನ ಗುರುತು ಜಾಸ್ತಿ ಹೇಳುತ್ತದೆ. ಮಳೆಯಾಶ್ರಿತ ಹೊಲದ ನಡುವೆ ಒಂದೇ ಒಂದು ಪೈಪು ಹೋಗಿದೆ. ರಸ್ತೆಯಿಂದ ಕಾಣದ ಕಡೆಗೆ ಕಾಲುದಾರಿ ಸವೆದಿದೆ. ತೊಗರಿಗಿಂತ ಮೇಲೆ ಬಾರದಂತೆ ಗಿಡಗಳನ್ನು ಬಗ್ಗಿಸಿ ಕಟ್ಟಿದ್ದಾರೆ. ಇಂಥದ್ದು ಎರಡು ಮೂರು ಒಟ್ಟಿಗೆ ಸಿಕ್ಕರೆ ಮಾತ್ರ ವರದಿಗೆ ಬರೆಯುತ್ತೇನೆ. ಆಂಧ್ರ, ಒಡಿಶಾ ಗಡಿಯ ಗುಡ್ಡಗಳಲ್ಲಿ ಎಕರೆಗಟ್ಟಲೆ ಬರೀ ಗಾಂಜಾ ಬೆಳೆಯುತ್ತಿದ್ದರು. 2021ರಲ್ಲಿ ಆಂಧ್ರ ಪೊಲೀಸರು ಆಪರೇಷನ್ ಪರಿವರ್ತನ ಅಂತ ಶುರು ಮಾಡಿ ಸಾವಿರಾರು ಎಕರೆ ಕಿತ್ತು ಹಾಕಿದರು. ಅಂಥ ಕಡೆ ಮೇಲಿಂದ ನೋಡುವುದು ಸುಲಭ. ನಮ್ಮ ಕಡೆ ತೊಗರಿ, ಹತ್ತಿ, ಕಬ್ಬಿನ ನಡುವೆ ಹತ್ತು ಗಿಡ, ಇಪ್ಪತ್ತು ಗಿಡ. ಕಬ್ಬಿನೊಳಗೆ ಇದ್ದರಂತೂ ಡ್ರೋನಿಗೆ ಸಿಗುವುದು ಕಷ್ಟ.

ಇಷ್ಟೊಂದು ಎಚ್ಚರ ಯಾಕೆ ಅಂದರೆ ಕಾನೂನು ಗಟ್ಟಿ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತು ತಡೆಯುವ ಕಾಯ್ದೆಯಲ್ಲಿ, ಗಾಂಜಾ ಗಿಡ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಹತ್ತು ಗಿಡವೋ ಸಾವಿರ ಗಿಡವೋ, ಸೆಕ್ಷನ್ ಒಂದೇ. ಅದರ ಮೇಲೆ 54ನೇ ಸೆಕ್ಷನ್ ಇದೆ. ಒಬ್ಬರು ಸಾಗುವಳಿ ಮಾಡಿದ ನೆಲದಲ್ಲಿ ಗಿಡ ಸಿಕ್ಕರೆ, ತನ್ನದು ತಪ್ಪಿಲ್ಲ ಅಂತ ತೋರಿಸುವ ಹೊರೆ ಅವರ ತಲೆಗೇ ಬರುತ್ತದೆ. ಇಲ್ಲಿ "ಸಾಗುವಳಿ ಮಾಡಿದ" ಅನ್ನುವ ಮಾತು ಮುಖ್ಯ. ನಮ್ಮ ಕಡೆ ಎಷ್ಟೋ ಹೊಲ ಪಾಲಿಗೆ ಕೊಟ್ಟಿರುತ್ತದೆ. ಪಹಣಿಯಲ್ಲಿ ಹೆಸರಿರುವವರು ಕೂಲಿಗೆ ಪುಣೆಗೋ ಮುಂಬೈಗೋ ಹೋಗಿರುತ್ತಾರೆ.

ಒಮ್ಮೆ ಹೀಗೇ ಆಯಿತು. ಗಿಡ ಸಿಕ್ಕಿತು, ಗಾಂಜಾನೇ. ಪಹಣಿಯಲ್ಲಿ ಒಬ್ಬ ವಿಧವೆಯ ಹೆಸರು. ಆಕೆ ಎರಡು ವರ್ಷದಿಂದ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ಮೊದಲು ಆಕೆಯ ಹೆಸರೇ ಬರೆದುಕೊಂಡರು. ಹೊಲ ಪಾಲಿಗೆ ಹೋಗಿದೆ ಅಂತ ಪಕ್ಕದ ಹೊಲದವರು ನನಗೆ ಹೇಳಿದ್ದರು. ಅದನ್ನು ವರದಿಯಲ್ಲಿ ಬರೆಯುವುದು ನನ್ನ ಕೆಲಸವಲ್ಲ ಅಂತ ತಂಡದವರು ಅಂದರು. ಆದರೂ ಬರೆದೆ, ಸಹಿ ಹಾಕಿ ಕೊಟ್ಟೆ. ವಿಚಾರಣೆ ಆದ ಮೇಲೆ ಆಕೆಯ ಹೆಸರು ಬಿಟ್ಟರು.

ವಿಡಿಯೋ ಸಾಕ್ಷಿಯಾಗಿ ನಿಲ್ಲಬೇಕಾದರೆ ಅದಕ್ಕೂ ಕ್ರಮ ಇದೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಸೆಕ್ಷನ್ ಪ್ರಕಾರ ಫೈಲಿನ ಹ್ಯಾಶ್ ಸಂಖ್ಯೆ ಬರೆದು ಪ್ರಮಾಣಪತ್ರ ಕೊಡಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಫೈಲು ಸ್ವಲ್ಪ ಬದಲಾದರೂ ಅದು ಬದಲಾಗುತ್ತದೆ. ನಾನು ಹೊಲದಲ್ಲೇ, ಪಂಚರ ಎದುರೇ ಹ್ಯಾಶ್ ತೆಗೆದು ಪಂಚನಾಮೆಯಲ್ಲಿ ಬರೆಸುತ್ತೇನೆ. ಮೆಮೊರಿ ಕಾರ್ಡ್ ಸೀಲ್ ಆಗುತ್ತದೆ. ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿ ಅಂತ ಕೇಳುತ್ತಾರೆ, ನಾನು ಕಳಿಸುವುದಿಲ್ಲ.

ಅದಕ್ಕೆ ಇನ್ನೊಂದು ಕಾರಣವೂ ಇದೆ. ಕ್ಯಾಮೆರಾಕ್ಕೆ ಗಾಂಜಾ ಮಾತ್ರ ಕಾಣುವುದಿಲ್ಲ. ಹಳ್ಳದಲ್ಲಿ ಸ್ನಾನ ಮಾಡುವ ಹೆಂಗಸರು ಕಾಣುತ್ತಾರೆ. ಮುಂಜಾನೆ ಬಯಲಿಗೆ ಹೋದವರು ಕಾಣುತ್ತಾರೆ. ಅಂಗಳ, ಹಿತ್ತಲು ಎಲ್ಲ ಬರುತ್ತದೆ. ಅದಕ್ಕೇ ಹತ್ತು ಗಂಟೆಗೆ ಮೊದಲು ಎಬ್ಬಿಸುವುದಿಲ್ಲ, ಊರಿನ ಮನೆಗಳ ಮೇಲೆ ದಾರಿ ಹಾಕುವುದಿಲ್ಲ. ಮನೆಯೊಳಗೆ ಲೈಟು ಹಾಕಿ ಬೆಳೆಸುತ್ತಾರೆ, ಥರ್ಮಲ್ ಕ್ಯಾಮೆರಾ ತಿರುಗಿಸಿ ನೋಡೋಣ ಅಂತ ಒಮ್ಮೆ ಕೇಳಿದರು. ಆಗಲ್ಲ ಅಂದೆ. ಅಮೆರಿಕದಲ್ಲಿ ಹೀಗೆ ಒಂದು ಮನೆಯ ಬಿಸಿ ಅಳೆದು ಗಾಂಜಾ ಹಿಡಿದಿದ್ದರು. ವಾರಂಟ್ ಇಲ್ಲದೆ ಹಾಗೆ ನೋಡಿದ್ದು ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಖಾಸಗಿತನ ಮೂಲಭೂತ ಹಕ್ಕು ಅಂತ ನಮ್ಮ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಬಾಡಿಗೆಗೆ ಬಂದ ಪೈಲಟ್ ಆದರೂ ಬೇಡ ಅನ್ನುವ ಹಕ್ಕು ನನಗಿದೆ ಅಲ್ವಾ?

ಈಗ ನನ್ನದೇ ಒಂದು ಚಿತ್ರಗಳ ಸಂಗ್ರಹ ಮಾಡುತ್ತಿದ್ದೇನೆ. ಪುಂಡಿ, ಔಡಲ, ಬದನೆ, ಚೆಂಡು ಹೂವು. ಒಂದೊಂದನ್ನೂ 15, 40, 100 ಮೀಟರಿನಿಂದ, ತಿಂಗಳು ತಿಂಗಳಿಗೆ ತೆಗೆಯುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರಿಗೆ ಗಾಂಜಾ ತೋರಿಸುವ ಮೊದಲು ಇವನ್ನು ತೋರಿಸುತ್ತೇನೆ. ಪುಂಡಿಯ ಚಿತ್ರಗಳೆಲ್ಲ ಆ ಮುತ್ಯಾ ಹೊಲದಲ್ಲೇ ತೆಗೆದದ್ದು. ಎರಡನೆಯ ಸಲ ಹೋದಾಗ ಮೊಮ್ಮಗಳು ಡ್ರೋನ್ ನೋಡಿ ಮನೆಯೊಳಗೆ ಓಡಿದ್ದಳು. ಮೂರನೆಯ ಸಲ ದೂರ ನಿಂತು ನೋಡಿದಳು. ಮೊನ್ನೆ ಅವಳೇ ಅಜ್ಜನ ಫೋನಿನಿಂದ ಕರೆ ಮಾಡಿದ್ದಳು. "ಕಾಕಾ, ಪುಂಡಿ ಹೂ ಬಿಟ್ಟದ, ಯಾವಾಗ ಬರ್ತಿ?"

ನಾಳೆ ಹೋಗಬೇಕು.