ಗಿರಿಜಾ ಮಂಡಿಗೆ ಹೋಗೋದು ನಿಲ್ಲಿಸಿದ ಮೇಲೆ

2017ರ ಜೂನ್‌ನಿಂದ 2021ರ ಫೆಬ್ರವರಿವರೆಗೂ ಒಂದೇ ಸೀರಿಯಲ್‌ಗೆ ಡೈಲಾಗ್ ಬರ್ದಿದೀನಿ, ಹತ್ರತ್ರ 900 ಎಪಿಸೋಡ್. ಸೀರಿಯಲ್ ಹೆಸರು ಬೇಡ, ಅದ್ರಲ್ಲಿ ದುಡಿದವ್ರೆಲ್ಲ ಇನ್ನೂ ಇದೇ ಫೀಲ್ಡಲ್ಲಿದಾರೆ. ಮೊದಲ ವರ್ಷ ಜನ ಕೂತು ನೋಡ್ತಿದ್ರು, ಕೊನೆ ವರ್ಷ ಅದೇ ಜನ ಬೈಕೊಂಡು ನೋಡ್ತಿದ್ರು, ಎರಡೂ ನಾನೇ ಬರ್ದಿದ್ದು. ಸೀರಿಯಲ್ ಯಾಕೆ ಹಾಳಾಗುತ್ತೆ ಅಂದ್ರೆ ಎಲ್ರೂ ಟಿಆರ್‌ಪಿ ಅಂತಾರೆ, ಎಳೀತಾರೆ ಅಂತಾರೆ, ಅದು ಸುಳ್ಳೇನಲ್ಲ, ಆದ್ರೆ ದಿನಾ ಸೀನ್ ಪೇಪರ್ ಮುಂದೆ ಕೂತವನಿಗೆ ಅದು ಹೆಂಗೆ ಕಂಡ್ತು ಅನ್ನೋದನ್ನ ಹೇಳ್ಬೇಕು ಅನ್ಸಿದೆ.

ಕಥೆ ಇಷ್ಟು. ತಿಪಟೂರಿನ ಒಂದು ಕೊಬ್ಬರಿ ಮಂಡೀಲಿ ಲೆಕ್ಕ ಬರೆಯೋ ಹುಡುಗಿ, ಗಿರಿಜಾ ಅಂತ. ಅಪ್ಪ ಇಲ್ಲ, ಅಮ್ಮ ಮತ್ತೆ ತಂಗಿ. ಮಂಡಿ ಯಜಮಾನ ದೂರದ ಸಂಬಂಧದಲ್ಲಿ ಚಿಕ್ಕಪ್ಪ ಆಗ್ಬೇಕು, ಚೀಲಕ್ಕೆ ಒಂದು ಕೇಜಿ ತೂಕ ಹೊಡೀತಾನೆ ಅನ್ನೋದು ಲೆಕ್ಕದ ಪುಸ್ತಕದಲ್ಲಿ ಇವಳಿಗೆ ಗೊತ್ತಾಗುತ್ತೆ. ನಾನು ಅದೇ ಕಡೆಯವ್ನು, ನಮ್ಮಜ್ಜಿ ಮನೆ ಅಟ್ಟದ ಮೇಲೆ ಕಾಯಿ ಗುಡ್ಡೆ ಹಾಕಿ ತಿಂಗಳುಗಟ್ಲೆ ಹಂಗೇ ಬಿಟ್ಟಿರೋರು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯಾ ಅಂತ ನೋಡೋಕೆ ಅಜ್ಜಿ ಕಾಯಿನ ಕಿವಿ ಹತ್ರ ಹಿಡಿದು ಅಲ್ಲಾಡ್ಸೋರು, ಒಳಗೆ ಗುಡುಗುಡು ಅಂದ್ರೆ ಆಯ್ತು ಅಂತ. ಗಿರಿಜಾ ಮೊದಲ್ನೇ ಎಪಿಸೋಡಲ್ಲಿ ಮಾಡೋ ಮೊದಲ್ನೇ ಕೆಲ್ಸ ಅದೇ. ಒಬ್ಬ ರೈತ ಕಾಯಿ ತಂದಿರ್ತಾನೆ, ಅವಳು ಅಲ್ಲಾಡಿಸಿ ಕೇಳಿ "ಇನ್ನೊಂದು ತಿಂಗ್ಳು ಬಿಡಣ್ಣ, ಈಗ ಒಡೆದ್ರೆ ನಿನಗೇ ಲಾಸು" ಅಂತಾಳೆ. ಅವಳು ಎಂಥವಳು ಅಂತ ಆ ಒಂದು ಮಾತಲ್ಲಿ ಗೊತ್ತಾಗ್ಬಿಡ್ತು, ಬೇರೆ ಪರಿಚಯಾನೇ ಬೇಕಾಗ್ಲಿಲ್ಲ.

ಶುರುವಿನಲ್ಲಿ ತಿಂಗಳಿಗೆ ಮೂರು ದಿನ ಔಟ್‌ಡೋರ್ ಇತ್ತು, ನಿಜವಾದ ಮಂಡೀಲೇ ಶೂಟ್ ಮಾಡ್ತಿದ್ವಿ. ಮಿಕ್ಕಿದ್ದೆಲ್ಲ ಬೆಂಗಳೂರಲ್ಲಿ ಬಾಡಿಗೆಗೆ ತಗೊಂಡ ಶೂಟಿಂಗ್ ಮನೇಲಿ. ಅರ್ಧ ಗಂಟೆ ಸ್ಲಾಟಲ್ಲಿ ಆ್ಯಡ್ ತೆಗೆದ್ರೆ ನಮ್ಮ ಕೈಗೆ ಸಿಗೋದು 22 ನಿಮಿಷ, ಆರೇಳು ಸೀನು, ದಿನಕ್ಕೊಂದು ಎಪಿಸೋಡ್ ಮುಗೀಲೇಬೇಕು. ಮೊದಲು ಇಪ್ಪತ್ತು ಎಪಿಸೋಡ್ ಬ್ಯಾಂಕ್ ಇತ್ತು, ಟೆಲಿಕಾಸ್ಟ್‌ಗಿಂತ ಒಂದು ತಿಂಗಳು ಮುಂದೆ ಇರ್ತಿದ್ವಿ, ಒಂದು ಸೀನ್ ಸರಿಯಿಲ್ಲ ಅನ್ಸಿದ್ರೆ ತಿರುಗಿ ಬರೆಯೋಕೆ ಟೈಮ್ ಇರ್ತಿತ್ತು. ವರ್ಷ ಕಳೆಯೋ ಹೊತ್ತಿಗೆ ಬ್ಯಾಂಕ್ ಖಾಲಿ, ಇವತ್ತು ಶೂಟ್ ಮಾಡಿದ್ದು ನಾಳೆ ರಾತ್ರಿ ಟಿವೀಲಿ. ಬೆಳಗ್ಗೆ ಏಳಕ್ಕೆ ಆರ್ಟಿಸ್ಟ್ ಮೇಕಪ್ಪಿಗೆ ಕೂತಿರೋರು, ನಾನು ಮೂರನೇ ಸೀನ್ ವಾಟ್ಸಾಪಲ್ಲಿ ಕಳಿಸ್ತಿದ್ದೆ, ಅಸಿಸ್ಟೆಂಟ್ ಡೈರೆಕ್ಟರ್ ಫೋನ್ ನೋಡ್ಕೊಂಡೇ ಡೈಲಾಗ್ ಪ್ರಾಂಪ್ಟ್ ಮಾಡೋನು.

ಔಟ್‌ಡೋರ್ ನಿಂತಿದ್ದು 150ನೇ ಎಪಿಸೋಡ್ ಆಸುಪಾಸಲ್ಲಿ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಮಳೆ ಅಂತ ಒಂದ್ಸಲ ಕ್ಯಾನ್ಸಲ್ ಆಯ್ತು, ಹೀರೋ ಡೇಟ್ಸ್ ಇಲ್ಲ ಅಂತ ಇನ್ನೊಂದ್ಸಲ, ಅಷ್ಟೊತ್ತಿಗೆ ಮದುವೆ ಟ್ರ್ಯಾಕ್ ಶುರುವಾಗಿತ್ತು, ಒಂದು ತಿಂಗಳು ಗಿರಿಜಾ ಮನೇಲೇ ಇರೋದು ಸಹಜ ಅನ್ನಿಸ್ತು. ಟಿಆರ್‌ಪಿ ಅಳೆಯೋ ಬಾರ್ಕ್ ಸಂಸ್ಥೆಯ ಲೆಕ್ಕ ಶನಿವಾರದಿಂದ ಶುಕ್ರವಾರದವರೆಗೆ, ಅದರ ನಂಬರ್ ಕೈಗೆ ಬರೋದು ಮುಂದಿನ ಗುರುವಾರ. ಆ ಗುರುವಾರಗಳಲ್ಲಿ ನಮ್ಮ ನಂಬರ್ ಮೇಲೆ ಹೋಗ್ತಾ ಇತ್ತು! ಇದನ್ನ ಯಾರೂ ಹೇಳಲ್ಲ ನೋಡಿ, ಗುಣ ಇಳಿಯೋಕೆ ಶುರುವಾದ ದಿನಾನೇ ರೇಟಿಂಗ್ ಬೀಳಲ್ಲ, ನಮಗಂತೂ ಅದು ಆರು ತಿಂಗಳು ಏರ್ತಾನೇ ಇತ್ತು, ಅದಕ್ಕೇ ಏನು ಕಳ್ಕೊಂಡ್ವಿ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಮದುವೆ ಮುಗಿದ್ಮೇಲೆ "ಮಂಡಿಗೆ ಯಾವಾಗ ಹೋಗೋದು ಸರ್" ಅಂತ ನಾನು ಕೇಳ್ದೆ. "ಅದೆಲ್ಲ ಇರ್ಲಿ, ಜನಕ್ಕೆ ಮನೆ ಡ್ರಾಮಾ ಬೇಕು" ಅಂದ್ರು ಚಾನೆಲ್ ಕಡೆಯವ್ರು. ನಾನೂ ಸರಿ ಅಂದೆ.

ಅಲ್ಲಿಂದ ಏನಾಯ್ತು ಅಂದ್ರೆ, ಅವಳು ಹೊರಗೆ ಹೋಗದೇ ಇದ್ರೆ ಸುದ್ದಿ ಎಲ್ಲಾ ಶೂಟಿಂಗ್ ಮನೆಯ ನಡುಮನೆಗೇ, ಅಂದ್ರೆ ಹಾಲಿಗೇ ಬರ್ಬೇಕು. ಒಂದು ಫೋನಲ್ಲಿ ಬರ್ಬೇಕು, ಇಲ್ಲಾಂದ್ರೆ ಯಾರಾದ್ರೂ ಬಾಗಿಲಲ್ಲಿ ನಿಂತು ಹೇಳ್ಬೇಕು, ಅದೂ ಇಲ್ಲ ಅಂದ್ರೆ ಅವಳು ಕದ್ದು ಕೇಳಿಸ್ಕೋಬೇಕು. ಕದ್ದು ಕೇಳಿಸ್ಕೊಳೋಕೆ ಕೆಟ್ಟೋರು ತಮ್ಮ ಪ್ಲಾನನ್ನ ಹಾಲಲ್ಲಿ ನಿಂತು ಜೋರಾಗಿ ಹೇಳ್ಬೇಕು. ಲೆಕ್ಕದ ಪುಸ್ತಕ ನೋಡಿ ಮೋಸ ಕಂಡುಹಿಡೀತಿದ್ದ ಹುಡುಗಿ ಬಾಗಿಲ ಸಂದಿಯಿಂದ ಕಂಡುಹಿಡಿಯೋ ಹಂಗಾಯ್ತು. ಚಿಕ್ಕಪ್ಪನ ಕಥೆನೂ ಅದೇ. ಮಂಡಿ ಇದ್ದಾಗ ಅವ್ನಿಗೊಂದು ಕಾರಣ ಇತ್ತು, ಚೀಲಕ್ಕೊಂದು ಕೇಜಿ, ದಿನಕ್ಕೆ ಇಷ್ಟು ಚೀಲ, ಮಗಳ ಮದುವೆ ಸಾಲ. ಮಂಡಿ ಹೋದ್ಮೇಲೆ ಅವ್ನು ಗಿರಿಜಾನ ಯಾಕೆ ದ್ವೇಷಿಸ್ತಾನೆ ಅಂತ ಬರೆಯೋಕೆ ನನ್ನ ಹತ್ರ ಏನೂ ಉಳೀಲಿಲ್ಲ, ಅವಳು ಕುಡಿಯೋ ಹಾಲಿಗೆ ಏನೋ ಬೆರೆಸೋದು ಮಾತ್ರ ಉಳೀತು.

ಒಂದು ವಾರದ ಉದಾಹರಣೆ ಕೊಡ್ತೀನಿ. 2019ರಲ್ಲಿ ಒಂದು ಕವರ್ ಬಂತು, ಕೊರಿಯರಲ್ಲಿ. ಅದ್ರೊಳಗೆ ತಂಗಿಗೆ ಸಂಬಂಧಪಟ್ಟ ಒಂದು ರಿಪೋರ್ಟ್ ಇದೆ. ಒನ್‌ಲೈನಲ್ಲಿ, ಅಂದ್ರೆ ಸೀನುಗಳನ್ನ ಒಂದೊಂದು ಸಾಲಲ್ಲಿ ಬರೆದ ಪಟ್ಟೀಲಿ, ಇದ್ದಿದ್ದು "ಗಿರಿಜಾ ಕವರ್ ಓಪನ್ ಮಾಡ್ತಾಳೆ" ಅಂತ, ಅರ್ಧ ನಿಮಿಷದ ಸೀನು. ಅದೇ ವಾರ ತಂಗಿ ಪಾತ್ರದ ಹುಡುಗಿಗೆ ಜ್ವರ, ಡೇಟ್ಸ್ ಇಲ್ಲ, ಕವರ್ ಒಡೆದ್ರೆ ಅವಳು ಇರ್ಲೇಬೇಕು. ಸೋಮವಾರ ಅತ್ತೆ ಕವರ್ ನೋಡಿದ್ಲು, ಮನೆಯವರೆಲ್ಲರ ರಿಯಾಕ್ಷನ್ ಶಾಟ್. ಮಂಗಳವಾರ ಅತ್ತಿಗೆ ಅದನ್ನ ದಿಂಬಿನ ಕೆಳಗೆ ಇಟ್ಲು. ಬುಧವಾರ ಗಿರಿಜಾ ದಿಂಬಿನ ಕವರ್ ಬದಲಾಯಿಸೋಕೆ ಬಂದ್ಲು, ಕೈ ಇಟ್ಲು, ಫ್ರೀಜ್. ಗುರುವಾರ ಯಾರೋ ಕರೆದ್ರು, ಹೋದ್ಲು. ಶುಕ್ರವಾರ ಕವರ್ ಕಾಣ್ತಿಲ್ಲ. ಐದು ಎಪಿಸೋಡ್! ಆ ವಾರ ಗಿರಿಜಾ ಪಾತ್ರದ ನಟಿ ನನ್ನನ್ನ ಪಕ್ಕಕ್ಕೆ ಕರೆದು "ಸರ್, ಗಿರಿಜಾ ಮೊದಲೇ ಆಗಿದ್ರೆ ಸೋಮವಾರಾನೇ ಹರಿದು ಓದಿರೋಳು ಅಲ್ವಾ" ಅಂತ ಕೇಳಿದ್ರು. ಹೌದು ಮೇಡಂ ಅಂದೆ, ಮುಂದೆ ಹೇಳೋಕೆ ಬಾಯಿ ಬರ್ಲಿಲ್ಲ, ಅವತ್ತು ರಾತ್ರಿ ಊಟ ಸೇರ್ಲಿಲ್ಲ ನನಗೆ.

2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಶೂಟಿಂಗ್ ನಿಂತು ಊರಿಗೆ ಹೋದೆ. ಹೊಸ ಎಪಿಸೋಡ್ ಇಲ್ಲ ಅಂತ ಚಾನೆಲ್‌ನವ್ರು ಮೊದಲ್ನೇ ಎಪಿಸೋಡಿಂದ ಮತ್ತೆ ಹಾಕೋಕೆ ಶುರು ಮಾಡಿದ್ರು. ಅಮ್ಮ ಅವರೆಕಾಳು ಹಿದುಕ್ತಾ ನೋಡ್ತಿದ್ರು, ನಾನು ಪಕ್ಕದಲ್ಲಿ. ನಾಲ್ಕನೇ ದಿನವೋ ಐದನೇ ದಿನವೋ ಅಮ್ಮ ಕೈ ನಿಲ್ಲಿಸಿ "ಅಲ್ಲ ಕಣೋ, ಈ ಹುಡ್ಗಿ ಆಗ ಕೆಲ್ಸಕ್ಕೆ ಹೋಗ್ತಿತ್ತಲ್ವಾ, ಯಾವಾಗ ಬಿಟ್ಬಿಡ್ತು?" ಅಂದ್ರು. ಮೂರು ವರ್ಷ ಒಂದು ದಿನ ತಪ್ಪಿಸದೆ ನೋಡಿದ ಅಮ್ಮಂಗೂ ಯಾವಾಗ ಬಿಟ್ಲು ಅಂತ ನೆನಪಿಲ್ಲ, ಯಾಕಂದ್ರೆ ಅವಳು ಕೆಲ್ಸ ಬಿಡೋ ಸೀನನ್ನ ನಾವು ಬರ್ದೇ ಇಲ್ಲ.

ಶೂಟಿಂಗ್ ಮತ್ತೆ ಶುರುವಾದಾಗ ಔಟ್‌ಡೋರ್ ಕೇಳೋ ಹಾಗೇ ಇರ್ಲಿಲ್ಲ, ಸೆಟ್ಟಲ್ಲಿ ಇರೋ ಜನಾನೇ ಕಮ್ಮಿ. ನಾನು ಊರಿಂದ ಬರೋವಾಗ ಒಂದು ಚೀಲ ಕಾಯಿ ತಂದಿದ್ದೆ. ಡೈರೆಕ್ಟರ್ ಹತ್ರ ಮಾತಾಡಿ ಹಾಲಲ್ಲೇ ಸುರಿದು ಒಂದು ಸೀನ್ ಬರ್ದೆ, ಗಿರಿಜಾ ನೆಲದ ಮೇಲೆ ಕೂತು ಒಂದೊಂದೇ ಅಲ್ಲಾಡಿಸಿ ಎರಡು ಗುಡ್ಡೆ ಮಾಡ್ತಾ ಗಂಡನ ಹತ್ರ ಜಗಳ ಆಡೋದು. ನಟಿ ಮೊದಲ್ನೇ ಕಾಯಿ ಕಿವಿಗೆ ಹಿಡಿದ ತಕ್ಷಣ ಅವರ ದನಿಯೇ ಬೇರೆ ಆಯ್ತು, ಪ್ರಾಂಪ್ಟಿಂಗ್ ಇಲ್ಲದೆ ಮುಕ್ಕಾಲು ಸೀನ್ ಒಂದೇ ಟೇಕಲ್ಲಿ ಹೇಳ್ಬಿಟ್ರು. ಆದ್ರೆ ಅದೊಂದೇ ಸೀನು. ಮಾರನೇ ದಿನ ಕಾಯಿ ಎಲ್ಲಾ ಅಡುಗೆಯವ್ರ ಪಾಲಾಯ್ತು, ಕಥೆ ಮತ್ತೆ ಕಳೆದುಹೋದ ಅವಳಿ ತಂಗಿ ಕಡೆ ಹೋಯ್ತು.

2021ರ ಜನವರೀಲಿ ಹದಿನೈದು ಎಪಿಸೋಡಲ್ಲಿ ಮುಗಿಸಿ ಅಂತ ಬಂತು. ನನ್ನ ಹತ್ರ 2017ರಲ್ಲೇ ಬರೆದಿಟ್ಟ ಕ್ಲೈಮ್ಯಾಕ್ಸ್ ಇತ್ತು, ಗಿರಿಜಾ ಸ್ವಂತ ಮಂಡಿ ಹಾಕ್ತಾಳೆ, ಮೊದಲ್ನೇ ಎಪಿಸೋಡಿನ ಅದೇ ರೈತ ಮೊದಲ್ನೇ ಚೀಲ ತರ್ತಾನೆ, ಅವಳು ತೂಕ ಹಾಕಿ ಪೂರ್ತಿ ಬರೀತಾಳೆ. ಅದು 300ನೇ ಎಪಿಸೋಡಿಗೆ ಅಂತ ಬರೆದಿದ್ದು. 900ಕ್ಕೆ ತಂದು ಕೂರಿಸೋಣ ಅಂದ್ರೆ ಕೂರಲಿಲ್ಲ, ಇಷ್ಟು ವರ್ಷ ತಕ್ಕಡಿ ಮುಟ್ಟದೇ ಇರೋಳು ಅವಳು, ಯಾವ ಬಾಯಲ್ಲಿ ಮಂಡಿ ಹಾಕ್ತೀನಿ ಅನ್ನಿಸ್ಲಿ? ಎಲ್ಲರೂ ಹಾಲಲ್ಲಿ ಒಟ್ಟಿಗೆ ನಿಂತು ಫೋಟೋ ತೆಗೆಸ್ಕೊಂಡ್ರು, ಮುಗೀತು.

ಈಗ ಬರೀತಿರೋ ಸೀರಿಯಲ್ಲಲ್ಲಿ ನಾಯಕಿ ಟೈಲರ್. ಶುರುವಿಗೆ ಮುಂಚೇನೇ ಪ್ರೊಡ್ಯೂಸರ್ ಹತ್ರ ಕೂತು ಒಂದೇ ವಿಷಯ ಕೇಳ್ಕೊಂಡೆ, ಹೊಲಿಗೆ ಮಷೀನ್ ಶೂಟಿಂಗ್ ಮನೆ ಒಳಗೇ ಇರ್ಬೇಕು, ಔಟ್‌ಡೋರ್ ಇದ್ರೂ ಇಲ್ದಿದ್ರೂ ಅವಳ ಕೆಲ್ಸ ನಡೀಬೇಕು. ಈಗ 212 ಎಪಿಸೋಡ್ ಆಗಿದೆ. ಹೋದ ವಾರ ಕ್ಯಾಮೆರಾದವ್ರು ಟ್ರಾಲಿ ಹಾಕೋಕೆ ಅಡ್ಡ ಬರುತ್ತೆ, ಮಷೀನ್ ತೆಗೆದು ಸ್ಟೋರಿಗೆ ಹಾಕ್ಲಾ ಅಂದ್ರು. ಬೇಡ, ಕಿಟಕಿ ಪಕ್ಕಕ್ಕೆ ಸರಿಸಿ ಅಂದೆ. ಅಲ್ಲೇ ಇದೆ, ಅದಕ್ಕೊಂದು ಅರ್ಧ ಹೊಲಿದ ರವಿಕೆನೂ ಸಿಗಿಸಿದೆ, ನಾಳೆ ಎರಡನೇ ಸೀನಲ್ಲಿ ಅದನ್ನ ಮುಗಿಸ್ತಾಳೆ.