ಎಷ್ಟು ಸ್ವರಕ್ಕೆ ಹಾಡು ಹೇಳುವಿರಿ? ಟಿವಿಯ ಸಂಗೀತ ಕ್ವಿಜ್ ಅನ್ನು ಮನೆಯ ಕಂಪ್ಯೂಟರ್ ಆಟವಾಗಿಸುವ ವಿಧಾನ

1952ರಲ್ಲಿ ಅಮೆರಿಕದ ಎನ್‌ಬಿಸಿ ರೇಡಿಯೋದಲ್ಲಿ ಆರಂಭವಾಗಿ ಮರುವರ್ಷವೇ ಟಿವಿಗೆ ಬಂದ 'ನೇಮ್ ದಟ್ ಟ್ಯೂನ್' ಕಾರ್ಯಕ್ರಮದಲ್ಲಿ ಮುಂದೆ ಬಹಳ ಹೆಸರಾದ ಒಂದು ಸುತ್ತೆಂದರೆ ಸ್ವರದ ಪಣ. 'ನಾನು ಏಳು ಸ್ವರ ಕೇಳಿ ಹಾಡು ಹೇಳಬಲ್ಲೆ' ಎಂದು ಒಬ್ಬರು ಕೂಗಿದರೆ, ಎದುರಾಳಿ 'ನನಗೆ ಆರು ಸಾಕು' ಎನ್ನಬೇಕು, ಇಲ್ಲವೇ 'ಹಾಗಾದರೆ ಹೇಳಿ' ಎಂದು ಬಿಟ್ಟುಕೊಡಬೇಕು. ಗಣಪತಿ ಹಬ್ಬದ ಫಲಾವಳಿ ಹರಾಜಿನಲ್ಲಿ ಕೂಗು ಏರುತ್ತ ಹೋದರೆ ಇಲ್ಲಿ ಇಳಿಯುತ್ತ ಹೋಗುತ್ತದೆ. ಆ ಸುತ್ತನ್ನು, ಬ್ಲಾಕ್ ಎಂಬ ಆಜ್ಞೆಯ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ಸ್ಕ್ರಾಚ್ ಎಂಬ ಉಚಿತ ತಂತ್ರಾಂಶದಲ್ಲಿ ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ತೀರ್ಥಹಳ್ಳಿಯ ಸುತ್ತ ಆಷಾಢದ ಮಳೆ ಹಿಡಿದರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದರಿಂದ ಸ್ಕ್ರಾಚ್ ಆ್ಯಪನ್ನು ಮೊದಲೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿರಿ. ಅದು ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ.

ಮೊದಲ ಪ್ರಯತ್ನದಲ್ಲಿ ನಾನು ಧ್ವನಿಮುದ್ರಿತ ಹಾಡುಗಳನ್ನೇ ತುಂಡರಿಸಿ ಹಾಕಿದ್ದೆ. ಹಿನ್ನೆಲೆ ವಾದ್ಯದ ಮೊದಲ ಸದ್ದಿಗೇ ಎಲ್ಲರೂ ಹಾಡನ್ನು ಗುರುತಿಸಿಬಿಟ್ಟಾಗ ಪಣಕ್ಕೆ ಅರ್ಥವೇ ಉಳಿಯಲಿಲ್ಲ. ಆದ್ದರಿಂದ ಮುದ್ರಿಕೆಯನ್ನು ಬಿಟ್ಟು ಬರಿಯ ಸ್ವರಗಳನ್ನೇ ಕಂಪ್ಯೂಟರಿನಿಂದ ನುಡಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಕ್ರಾಚ್‌ನ ಮ್ಯೂಸಿಕ್ ವಿಸ್ತರಣೆಯನ್ನು ಸೇರಿಸಿಕೊಂಡರೆ 'ಪ್ಲೇ ನೋಟ್' ಎಂಬ ಬ್ಲಾಕ್ ಸಿಗುತ್ತದೆ. ಅದರಲ್ಲಿ 60 ಎಂದರೆ ಪಿಯಾನೋದ ನಡುವಿನ ಸಿ ಮನೆ. ಒಂದೊಂದು ಅಂಕಿಗೆ ಅರ್ಧ ಸ್ವರ ಏರುತ್ತದೆ. ನಮ್ಮ ಷಡ್ಜ ಎಲ್ಲಿ ಬೇಕಾದರೂ ನಿಲ್ಲಬಹುದಾದ್ದರಿಂದ 'ಶ್ರುತಿ' ಎಂಬ ವೇರಿಯಬಲ್‌ಗೆ (ಅಂಕಿಯನ್ನು ಹಿಡಿದಿಡುವ ಹೆಸರಿಗೆ) 60 ಕೊಟ್ಟು, ಹಾಡಿನ ಸ್ವರಗಳನ್ನು ಷಡ್ಜದಿಂದ ಎಣಿಸಿದ ದೂರವಾಗಿ ಬರೆದಿಡಿ. ಸಂಗೀತಪಾಠದ ಮೊದಲ ರಾಗ ಮಾಯಾಮಾಳವಗೌಳವನ್ನು ಹೀಗೆ ಬರೆದರೆ 0, 1, 4, 5, 7, 8, 11, 12 ಆಗುತ್ತದೆ. ಮೋಹನದ ಆರೋಹಣ 0, 2, 4, 7, 9, 12. ಮಂದ್ರದ ಪಂಚಮಕ್ಕೆ -5 ಎಂದು ಬರೆಯಬೇಕು. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಕಪ್ಪು ಬಿಳಿ ಮನೆಗಳನ್ನು ಒಂದೂ ಬಿಡದೆ ಎಣಿಸಿದರೆ ಸಾಕು.

ಪ್ರತಿ ಹಾಡಿಗೂ ಸರಿಯಾಗಿ ಎಂಟೇ ಸ್ವರ ಇರಲಿ. ಎಲ್ಲ ಹಾಡುಗಳ ಸ್ವರಗಳನ್ನು 'ಸ್ವರ' ಎಂಬ ಒಂದೇ ಲಿಸ್ಟಿನಲ್ಲಿಯೂ, ಅವುಗಳ ಕಾಲವನ್ನು 'ಅವಧಿ' ಎಂಬ ಇನ್ನೊಂದರಲ್ಲಿಯೂ ಸಾಲಾಗಿ ತುಂಬಿರಿ. ಆಗ ಯಾವುದೇ ಹಾಡಿನ ಆರಂಭದ ಸ್ಥಾನವೆಂದರೆ ಹಾಡಿನ ಸಂಖ್ಯೆಯಿಂದ ಒಂದನ್ನು ಕಳೆದು, ಎಂಟರಿಂದ ಗುಣಿಸಿ, ಒಂದನ್ನು ಕೂಡಿಸಿದ್ದು. ಮೂರನೆಯ ಹಾಡು 17ರಿಂದ ತೊಡಗುತ್ತದೆ. ಅಲ್ಲಿಂದ ಪಣದಷ್ಟು ಸಲ 'ರಿಪೀಟ್' ಮಾಡಿ, ಪ್ರತಿ ಸಲ ಶ್ರುತಿಗೆ ಆ ಸ್ಥಾನದ ಸ್ವರವನ್ನು ಕೂಡಿಸಿ ನುಡಿಸಿ, ಸ್ಥಾನವನ್ನು ಒಂದರಷ್ಟು ಮುಂದೆ ಸರಿಸಬೇಕು. ಅವಧಿಯನ್ನು ತುಂಬುವುದು ಬೇಸರದ ಕೆಲಸವೆಂದು ಎಲ್ಲಕ್ಕೂ ಒಂದೇ ಅಳತೆ ಕೊಡಬೇಡಿ, ಏಕೆಂದರೆ ಲಯ ತಪ್ಪಿದರೆ ಬಲ್ಲ ಹಾಡೂ ಗುರುತು ಸಿಗುವುದಿಲ್ಲ. ವಾದ್ಯವಾಗಿ ಕೊಳಲನ್ನು ಆರಿಸಿಕೊಳ್ಳಿ. ಪಿಯಾನೋದ ನಾದ ದೀರ್ಘ ಸ್ವರದಲ್ಲಿ ಬೇಗ ಆರುತ್ತದೆ.

ಹಾಡು ಮರುಕಳಿಸದಿರಲು 'ಉಳಿದವು' ಎಂಬ ಲಿಸ್ಟಿನಲ್ಲಿ ಹಾಡುಗಳ ಸಂಖ್ಯೆಗಳನ್ನು ಇಟ್ಟು, ಅದರಿಂದ ಒಂದನ್ನು ಯಾದೃಚ್ಛಿಕವಾಗಿ ತೆಗೆದ ಕೂಡಲೇ ಅಳಿಸಿಬಿಡಿ. ಆಟ ಶುರುಮಾಡುವ ಹಸಿರು ಬಾವುಟ ಒತ್ತಿದಾಗ ಈ ಲಿಸ್ಟ್ ಮತ್ತೆ ತುಂಬಿಕೊಳ್ಳುವಂತಿರಲಿ.

ಪಣದ ಭಾಗಕ್ಕೆ ಹೆಚ್ಚು ಎಚ್ಚರ ಬೇಕು. 'ಪಣ' 8ರಿಂದ ಆರಂಭವಾಗಲಿ; 'ಸರದಿ' 1 ಅಥವಾ 2 ಆಗಿರಲಿ. ಒಂದನೆಯ ತಂಡ ಎ ಕೀಲಿಯನ್ನೂ ಎರಡನೆಯದು ಎಲ್ ಕೀಲಿಯನ್ನೂ ಒತ್ತಿದಾಗ, ಸರದಿ ಅವರದೇ ಆಗಿದ್ದು ಪಣ 1ಕ್ಕಿಂತ ಹೆಚ್ಚಿದ್ದರೆ ಮಾತ್ರ ಪಣ ಒಂದು ಇಳಿದು ಸರದಿ ಬದಲಾಗಬೇಕು. ಬಿಟ್ಟುಕೊಡುವವರು ಸ್ಪೇಸ್ ಒತ್ತುತ್ತಾರೆ. ಉತ್ತರಿಸಬೇಕಾದ ತಂಡ 3ರಿಂದ ಸರದಿಯನ್ನು ಕಳೆದಾಗ ಸಿಗುತ್ತದೆ. ಪಣ ಇನ್ನೂ 8 ಇರುವಾಗ ಸ್ಪೇಸ್ ಕೆಲಸ ಮಾಡಬಾರದು, ಇಲ್ಲವಾದರೆ ಕೂಗದೇ ಇದ್ದವರ ತಲೆಗೆ ಉತ್ತರ ಬರುತ್ತದೆ. ಉತ್ತರ ಸರಿಯಾದರೆ ಆ ತಂಡಕ್ಕೆ ಅಂಕ, ತಪ್ಪಾದರೆ ಎದುರಾಳಿಗೆ.

ಉತ್ತರವನ್ನು ಟೈಪ್ ಮಾಡಿಸುವ ವ್ಯವಸ್ಥೆಯನ್ನು ನಾನು ಕೈಬಿಟ್ಟಿದ್ದೇನೆ. ಸ್ಕ್ರಾಚ್ ಅಕ್ಷರಕ್ಕೆ ಅಕ್ಷರ ಹೋಲಿಸುವುದರಿಂದ ಒಂದು 'ಳ' 'ಲ' ಆದರೂ ಸರಿಯುತ್ತರ ತಪ್ಪೆನಿಸುತ್ತದೆ. ಅಜ್ಜಿಗೆ ಹಾಡು ಗೊತ್ತಿದ್ದೂ ಕೀಲಿಮಣೆ ಗೊತ್ತಿಲ್ಲದ ಕಾರಣಕ್ಕೆ ಸೋಲುವುದು ನ್ಯಾಯವಲ್ಲ. ಬಾಯಿಯಲ್ಲಿ ಹೇಳಲಿ, ತೀರ್ಪುಗಾರರೊಬ್ಬರು ಸರಿಯಿದ್ದರೆ ಮೇಲಿನ ಬಾಣವನ್ನೂ ತಪ್ಪಿದ್ದರೆ ಕೆಳಗಿನ ಬಾಣವನ್ನೂ ಒತ್ತಲಿ.

ಹಾಡುಗಳ ಆಯ್ಕೆಯಲ್ಲೇ ಆಟದ ಸೊಗಸು ನಿಂತಿದೆ. 'ಪ್ಲೇ ನೋಟ್' ಬ್ಲಾಕಿಗೆ ಗಮಕ ಬಾರದು. ಸ್ವರ ನೇರವಾಗಿ ನಿಲ್ಲುತ್ತದೆ. ಯಕ್ಷಗಾನದ ಪದಗಳನ್ನು ಸೇರಿಸುವ ಆಸೆ ನನಗಿತ್ತು, ಆದರೆ ಭಾಗವತರ ಕಂಠದ ಎಳೆತವಿಲ್ಲದೆ ಅವು ಅಪರಿಚಿತವಾಗಿ ಕೇಳಿಸಿದವು. ಶಾಲೆಯ ಪ್ರಾರ್ಥನೆ, ಜನಪದ ಗೀತೆ, ಭಜನೆ, ಕುವೆಂಪು ಮತ್ತು ಜಿ.ಎಸ್. ಶಿವರುದ್ರಪ್ಪನವರ ಕವಿತೆಗಳಿಗೆ ಕೂಡಿಸಿದ ಸರಳ ಧಾಟಿಗಳು, ಭದ್ರಾವತಿ ಆಕಾಶವಾಣಿಯಲ್ಲಿ ಕೇಳಿ ಬಾಯಿಗೆ ಬಂದ ಭಾವಗೀತೆಗಳು ಚೆನ್ನಾಗಿ ಹೊಂದುತ್ತವೆ. ಪಲ್ಲವಿಯ ಮೊದಲ ನಾಲ್ಕು ಸ್ವರ ಒಂದೇ ಆಗಿರುವ ಎರಡು ಹಾಡುಗಳನ್ನು ಬೇಕೆಂದೇ ಇಡಿ. ಮೂರು ಸ್ವರಕ್ಕೆ ಕೂಗಿದವರು ಅಲ್ಲಿ ನಿಜವಾಗಿಯೂ ಯೋಚಿಸಬೇಕಾಗುತ್ತದೆ.

ಮೂಲ ಕಾರ್ಯಕ್ರಮದ ಇನ್ನೊಂದು ಹೆಸರಾಂತ ಸುತ್ತಿನಲ್ಲಿ 30 ಸೆಕೆಂಡಿನೊಳಗೆ ಏಳು ಧಾಟಿ ಗುರುತಿಸಬೇಕಿತ್ತು. ಅದನ್ನು ಕೊನೆಗೆ ಸೇರಿಸುವುದಾದರೆ ಟೈಮರನ್ನು ಸೊನ್ನೆಗೆ ತಂದು, ಎಂಟೂ ಸ್ವರ ನುಡಿಸಿ, ಮಿತಿಯನ್ನು 60 ಸೆಕೆಂಡಿಗೆ ಏರಿಸಿಕೊಳ್ಳಿ; ಮಾಮೂಲಿ ಟೆಂಪೋ 60ರಲ್ಲಿ ಒಂದು ಬೀಟ್ ಒಂದು ಸೆಕೆಂಡ್ ಹಿಡಿಯುವುದರಿಂದ ನಮ್ಮ ವಿಳಂಬದ ಹಾಡುಗಳಿಗೆ ಅರ್ಧ ನಿಮಿಷ ಸಾಲುವುದಿಲ್ಲ.