ಐದು ಅಳತೆ ಮತ್ತು ಲಕ್ವಾದ ಅಪಾಯ: ಮನೆಯಲ್ಲೇ ಲೆಕ್ಕ ಹಾಕುವ ಬಗೆ

ಬಿಪಿ ಸ್ವಲ್ಪ ಮೇಲಿದೆ, ಶುಗರ್ ಗಡಿಯಲ್ಲಿದೆ, ಹೊಟ್ಟೆ ಮುಂದೆ ಬಂದಿದೆ ಎಂಬ ಮಾತುಗಳನ್ನು ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ವೈದ್ಯರಿಂದ ಕೇಳಿ, ಯಾವುದೂ ಅಂಥ ದೊಡ್ಡದಲ್ಲವೆಂದು ಬಿಟ್ಟುಬಿಡುವುದು ವಾಡಿಕೆ. ಇವು ಒಬ್ಬರಲ್ಲೇ ಜೊತೆಗೂಡಿದಾಗ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಅದು ಇರುವವರಿಗೆ ಲಕ್ವಾ (ಪಾರ್ಶ್ವವಾಯು) ಹೊಡೆಯುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದ್ದರಿಂದ ಬಿಡಿಬಿಡಿಯಾಗಿರುವ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ನೋಡುವುದೇ ಮೊದಲ ಕೆಲಸ.

ಹಾಳೆಯಲ್ಲಿ ಒಂದರಿಂದ ಐದರವರೆಗೆ ಐದು ಸಾಲುಗಳಿರಲಿ. ಮುಂದೆ ಹೇಳಿದಂತೆ ಅಂಕಿ ಇದ್ದರೆ ಆ ಸಂಖ್ಯೆಯ ಸಾಲಿಗೆ ಗುರುತು ಹಾಕಬೇಕು. ಸೊಂಟದ ಸುತ್ತಳತೆ ನಮ್ಮ ದೇಶದ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಅಥವಾ ಹೆಚ್ಚಿದ್ದರೆ ಒಂದು. ಬಿಪಿಯ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಮುಟ್ಟಿದ್ದರೆ ಎರಡು. ಖಾಲಿ ಹೊಟ್ಟೆಯ ಶುಗರ್ 100 ಅಥವಾ ಹೆಚ್ಚಿದ್ದರೆ ಮೂರು. ರಕ್ತದಲ್ಲಿರುವ ಒಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚಿದ್ದರೆ ನಾಲ್ಕು. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯಿದ್ದರೆ ಐದು. ಇವುಗಳಲ್ಲಿ ಯಾವುದಾದರೂ ಮೂರಕ್ಕೆ ಗುರುತು ಬಿದ್ದರೆ ಮೆಟಬಾಲಿಕ್ ಸಿಂಡ್ರೋಮ್ ಇದೆಯೆಂದೇ ಲೆಕ್ಕ. ಬಿಪಿ ಅಥವಾ ಶುಗರ್ ಗುಳಿಗೆಯಿಂದ ಹತೋಟಿಗೆ ಬಂದಿದ್ದರೂ ಆ ಸಾಲಿಗೆ ಗುರುತು ಹಾಕಲೇಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಅಳೆಯುವಾಗಲೂ ಎಚ್ಚರ ಬೇಕು. ಪ್ಯಾಂಟಿನ ಅಳತೆ ಸೊಂಟದ ಅಳತೆಯಲ್ಲ, ಏಕೆಂದರೆ ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಿ ವರ್ಷಗಟ್ಟಲೆ ಒಂದೇ ಅಳತೆಯನ್ನು ತೊಡುತ್ತಾರೆ. ಧೋತರವನ್ನೋ ಸೀರೆಯ ನೆರಿಗೆಯನ್ನೋ ಸಡಿಲಿಸಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಬರಿಮೈಯ ಮೇಲೆ ಟೇಪನ್ನು ಸುತ್ತಬೇಕು. ಸಹಜವಾಗಿ ಉಸಿರು ಬಿಟ್ಟ ಮೇಲೆ ಕಂಡ ಅಂಕಿಯನ್ನು ಬರೆದುಕೊಳ್ಳಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ಮೋಸ ಹೋಗುವವರು ನಾವೇ.

ಬಿಪಿ ನೋಡುವ ಅರ್ಧ ತಾಸು ಮೊದಲು ಚಹಾ, ಬೀಡಿ, ತಂಬಾಕು ಬೇಡ. ಮೂತ್ರ ವಿಸರ್ಜಿಸಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು. ಬಸ್ಸಿಳಿದು ಬಿಸಿಲಲ್ಲಿ ನಡೆದುಬಂದ ಕೂಡಲೇ ನೋಡಿದ ಬಿಪಿಯನ್ನು ನಂಬಲಾಗದು. ರಕ್ತ ಪರೀಕ್ಷೆಗೆ ಹಿಂದಿನ ರಾತ್ರಿಯ ಊಟದ ನಂತರ ನೀರು ಮಾತ್ರ ಕುಡಿಯಬೇಕು. ನಸುಕಿನಲ್ಲಿ ಕುಡಿದ ಒಂದು ಲೋಟ ಸಕ್ಕರೆ ಚಹಾ ಶುಗರ್ ಅಂಕಿಯನ್ನು ಕೆಡಿಸುತ್ತದೆ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿರುವುದರಿಂದ ಆಶಾ ಕಾರ್ಯಕರ್ತೆಯನ್ನು ವಿಚಾರಿಸಬಹುದು.

ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದಂತೆ ದೇಹ ಶುಗರನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಶುಗರ್ ಮತ್ತು ಟ್ರೈಗ್ಲಿಸರೈಡ್ ಏರುತ್ತವೆ, ಎಚ್‌ಡಿಎಲ್ ಇಳಿಯುತ್ತದೆ, ರಕ್ತನಾಳಗಳ ಒಳಪದರ ಹಾಳಾಗುತ್ತದೆ. ಬಿಪಿಯ ಒತ್ತಡವೂ ಸೇರಿದಾಗ ಕತ್ತಿನ ದೊಡ್ಡ ನಾಳಗಳಲ್ಲಿ ಕೊಬ್ಬಿನ ಪದರ ಕಟ್ಟುತ್ತದೆ, ಮಿದುಳಿನ ಸಣ್ಣ ನಾಳಗಳು ದಪ್ಪಗಾಗುತ್ತವೆ, ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ. ಹೆಚ್ಚಿನ ಲಕ್ವಾ ಪ್ರಕರಣಗಳು ನಾಳ ಕಟ್ಟಿಕೊಳ್ಳುವುದರಿಂದ ಬರುತ್ತವೆ, ಉಳಿದವು ನಾಳ ಒಡೆಯುವುದರಿಂದ. ಎರಡಕ್ಕೂ ದೊಡ್ಡ ಕಾರಣ ಬಿಪಿಯೇ. ಹಾಗಾಗಿ ಎಲ್ಲವನ್ನೂ ಒಮ್ಮೆಗೇ ಹಿಡಿಯಲಾಗದಿದ್ದರೆ ಬಿಪಿಯನ್ನೇ ಮೊದಲು ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ. ಗುಳಿಗೆ ನುಂಗಿ ಬಿಪಿ ಸರಿಹೋಯಿತೆಂದು ಗುಳಿಗೆ ಬಿಡಬಾರದು, ಅದು ಸರಿಯಿರುವುದೇ ಗುಳಿಗೆಯಿಂದ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಲೆ ತಿರುಗಿದರೆ ಪ್ರಮಾಣ ಬದಲಿಸಲು ವೈದ್ಯರಿಗೆ ಹೇಳಬೇಕೇ ಹೊರತು ತಾನಾಗಿ ನಿಲ್ಲಿಸಬಾರದು.

ಊಟದ ವಿಷಯದಲ್ಲಿ ನಮ್ಮ ಭಾಗದವರು ಹೊಸದನ್ನು ಹುಡುಕಬೇಕಾಗಿಲ್ಲ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ, ಕಾಳುಪಲ್ಯ ಇವು ಒಳ್ಳೆಯವೇ. ತೊಂದರೆ ಇರುವುದು ಪಕ್ಕದಲ್ಲಿ: ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ, ಸಂಜೆಯ ಮಿರ್ಚಿ ಭಜಿ ಸೇರಿದಾಗ ಉಪ್ಪು ಲೆಕ್ಕ ತಪ್ಪುತ್ತದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಎಲ್ಲ ಅಡುಗೆಯದೂ ಸೇರಿ ಒಂದು ಸಣ್ಣ ಚಮಚೆಯೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೊಟ್ಟಿ ಹೊಟ್ಟೆ ತುಂಬ ಉಂಡ ಮೇಲೂ ತಟ್ಟೆ ತುಂಬ ಅನ್ನ ಬಡಿಸಿಕೊಳ್ಳುವ ಅಭ್ಯಾಸವನ್ನು ಬಿಡಬೇಕು. ಚಹಾದ ಸಕ್ಕರೆಯನ್ನು ವಾರಕ್ಕಿಷ್ಟರಂತೆ ಇಳಿಸಬೇಕು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು, ಬೇಸಿಗೆಯಲ್ಲಿ ಸೂರ್ಯ ಏರುವ ಮೊದಲೇ. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಹಲವು ಅಂಕಿಗಳು ಸುಧಾರಿಸುತ್ತವೆ. ಬೀಡಿ, ಗುಟ್ಖಾ ಆ ಐದರ ಪಟ್ಟಿಯಲ್ಲಿಲ್ಲ. ಹಾಗೆಂದು ಅವುಗಳಿಗೆ ಮಾಫಿಯಿಲ್ಲ.

ಇಷ್ಟಾದರೂ ಲಕ್ವಾ ಬರಬಹುದು. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಎರಡೂ ಕೈ ಎತ್ತಿದಾಗ ಒಂದು ಜಾರುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿ, ರೋಗಿ ಕೊನೆಯದಾಗಿ ಸರಿಯಾಗಿದ್ದ ಹೊತ್ತನ್ನು ಬರೆದುಕೊಂಡು 108ಕ್ಕೆ ಕರೆ ಮಾಡಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ, ಅದೂ ಸಿಟಿ ಸ್ಕ್ಯಾನ್ ಆದ ಮೇಲೆಯೇ ಕೊಡುವುದು. ಹುಣಸಗಿ, ಸುರಪುರದ ಕಡೆಯಿಂದ ಕಲಬುರಗಿಗೆ ಬರುವವರಿಗೆ ಎರಡು ತಾಸಿಗೂ ಹೆಚ್ಚು ಹೊತ್ತು ರಸ್ತೆಯಲ್ಲೇ ಹೋಗುವುದರಿಂದ, ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿ ಹಾಳೆಯಲ್ಲಿ ಬರೆದಿಡಬೇಕು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಲಕ್ವಾಕ್ಕೆ ನಾಟಿ ಔಷಧ ಕೊಡುವ ಊರಿಗೆ ಮೊದಲು ಹೋಗಿ, ಗುಣ ಕಾಣದಿದ್ದಾಗ ಆಸ್ಪತ್ರೆಗೆ ಬರುವವರಿಗೆ ಆ ಇಂಜೆಕ್ಷನ್ನಿನ ಅವಕಾಶ ಆಗಲೇ ತಪ್ಪಿರುತ್ತದೆ. ದಾರಿಯಲ್ಲಿ ನೀರಾಗಲಿ ಗುಳಿಗೆಯಾಗಲಿ ಕೊಡಬಾರದು: ನುಂಗಲಾಗದೆ ಶ್ವಾಸನಾಳಕ್ಕೆ ಹೋಗಬಹುದು, ನಾಳ ಒಡೆದಿದ್ದರೆ, ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸಬಹುದು. ಹತ್ತು ನಿಮಿಷದಲ್ಲಿ ಬಾಯಿ, ಕೈ, ಮಾತು ತಾವಾಗಿಯೇ ಸರಿಹೋದರೂ ಮನೆಯಲ್ಲಿ ಉಳಿಯದೆ ಅಂದೇ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ದೊಡ್ಡ ಲಕ್ವಾ ಬರುವ ಸಾಧ್ಯತೆ ಅದರ ಮುಂದಿನ ಎರಡು ದಿನಗಳಲ್ಲೇ ಅತಿ ಹೆಚ್ಚು.